ಅಣುಚಾಲಿತ ಜಲಾಂತರ್ಗಾಮಿಯೂ ಅದರ ಕಪ್ತಾನನೂ

ನಮ್ಮ ತೇರಗಾಂವ ಸೀಮೆಗೆ ನೆರೆಯಾದ ದಾಂಡೇಲಿಯ ಮಗ್ಗುಲಲ್ಲಿ ಹರಿಯುವ ಕಾಳಿನದಿಯು ಕೈಗಾದ ಅಣುವಿದ್ಯುತ್ ಕೇಂದ್ರವನ್ನು ದಾಟಿ ಕಾರವಾರದಲ್ಲಿ ಕಡಲನ್ನು ಕೂಡುತ್ತದೆ. ಕಾರವಾರದ ದಕ್ಷಿಣಕ್ಕೆ 2005ರಲ್ಲಿ ಕಾರ್ಯಾರಂಭ ಮಾಡಿದ ನೌಕಾನೆಲೆಗೆ, ನಮ್ಮ ಜಿಲ್ಲೆಯ ಬನವಾಸಿಯಿಂದ ಆಳಿದ ಅರಸುಮನೆತನದ ನೆನಪಿಗಾಗಿ, ‘ಕದಂಬ’ವೆಂದು ನಾಮಕರಣವಾಗಿದೆ. ಹೀಗೆ ಒಂದೇ ನದಿಯ ಆಶ್ರಯದಲ್ಲಿ ಅಣುಶಕ್ತಿಯೂ ನೌಕಾಶಕ್ತಿಯೂ ಬೇರೆ ಬೇರೆಯಾಗಿ ನೆಲೆಸಿವೆ. ಇವೆರಡೂ ಒಂದೇ ಉಕ್ಕಿನ ಒಡಲಿನಲ್ಲಿ ಸೇರಿದರೆ ಅದೇ ಅಣುಚಾಲಿತ ಜಲಾಂತರ್ಗಾಮಿ.

ಜಲ, ಅಂತರ್, ಗಾಮಿ: ನೀರಿನೊಳಗೆ ಸಂಚರಿಸುವಂಥದು ಎಂದು ಪದದ ಅರ್ಥ. ಆದರೆ ಬಹುಕಾಲ ಈ ಹೆಸರು ಪೂರ್ತಿ ಅನ್ವರ್ಥವಾಗಿರಲಿಲ್ಲವೆಂದೇ ಹೇಳಬೇಕು. ಹಳೆಯ ಮಾದರಿಯ ಜಲಾಂತರ್ಗಾಮಿಯು ನೀರಿನಡಿಯಲ್ಲಿ ವಿದ್ಯುತ್ಕೋಶಗಳ ಬಲದಿಂದ ಚಲಿಸುತ್ತದೆ. ಆ ಕೋಶಗಳನ್ನು ಮತ್ತೆ ತುಂಬಿಸಲು ಡೀಸೆಲ್ ಎಂಜಿನ್ನು ಬೇಕು. ಎಂಜಿನ್ನು ಉರಿಯಲು ಗಾಳಿ ಬೇಕು. ಆದಕಾರಣ ಅದು ಮತ್ತೆ ಮತ್ತೆ ನೀರಿನ ಮೇಲ್ಮೈಗೆ ಸಮೀಪಿಸಲೇಬೇಕು. ಅಣುವಿದಳನಕ್ಕಾದರೋ ಗಾಳಿಯ ಹಂಗಿಲ್ಲ. ಯುರೇನಿಯಮ್ಮಿನ ಕಣಗಳು ಒಡೆದು ಹುಟ್ಟುವ ಶಾಖವು ಅಧಿಕ ಒತ್ತಡದಲ್ಲಿರುವ ನೀರನ್ನು ಕಾಯಿಸುತ್ತದೆ; ಆ ನೀರು ಬೇರೊಂದು ಕೊಳವೆಯ ನೀರನ್ನು ಉಗಿಯನ್ನಾಗಿ ಮಾಡುತ್ತದೆ; ಉಗಿಯು ಚಕ್ರವನ್ನು ತಿರುಗಿಸಿ ನೌಕೆಯನ್ನು ಮುನ್ನೂಕುತ್ತದೆ. ಕೈಗಾದಲ್ಲಿ ಸಹಜ ಯುರೇನಿಯಂ ಮತ್ತು ಭಾರಜಲ ಬಳಕೆಯಾಗುತ್ತವೆ. ನೌಕೆಯಲ್ಲಿ ಸ್ಥಳ ಇಕ್ಕಟ್ಟಾದುದರಿಂದ ರಿಯಾಕ್ಟರು ಚಿಕ್ಕದಿರಬೇಕು. ಅದಕ್ಕೆ ಸಾಂದ್ರಗೊಳಿಸಿದ ಯುರೇನಿಯಂ ಬೇಕಾಗುತ್ತದೆ. ಉಸಿರಾಡಲು ಆಮ್ಲಜನಕವನ್ನೂ ಕುಡಿಯಲು ಸಿಹಿನೀರನ್ನೂ ಸಮುದ್ರದ ನೀರಿನಿಂದಲೇ ಪಡೆಯುತ್ತಾರೆ. ಉಳಿದ ಮಿತಿಗಳು ಎರಡೇ: ಕೊಂಡೊಯ್ದ ದವಸಧಾನ್ಯ, ಮತ್ತು ಮನುಷ್ಯನ ತಾಳ್ಮೆ.

ಇಂಥ ನೌಕೆಯನ್ನು ಮೊದಲು ಕಲ್ಪಿಸಿದವರಲ್ಲಿ ಫ್ರಾನ್ಸಿನ ಕಾದಂಬರಿಕಾರ ಜೂಲ್ಸ್ ವರ್ನ್ ಒಬ್ಬನು. 1870ರ ಹೊತ್ತಿಗೆ ಅವನು ಸೃಷ್ಟಿಸಿದ ‘ನಾಟಿಲಸ್’ ನೌಕೆಯ ಕಪ್ತಾನ ನೆಮೋ ಎಂಬವನು ಹಿಂದೂಸ್ಥಾನದ ರಾಜಕುಮಾರನೆಂದೂ, ನಮ್ಮ ಟಿಪ್ಪುಸುಲ್ತಾನನ ಸೋದರಳಿಯನೆಂದೂ ಮುಂದಿನ ಕಾದಂಬರಿಯೊಂದರಲ್ಲಿ ವರ್ಣಿತವಾಗಿದೆ. ಬುಂದೇಲಖಂಡದ ಅರಸುಮಗನಿಗೂ ಶ್ರೀರಂಗಪಟ್ಟಣಕ್ಕೂ ನೆಂಟಸ್ತನ ಹೇಗೆ ಬೆಳೆಯಿತೆಂದು ಕೇಳಬಾರದು; ಕವಿಗೆ ಅಂಕುಶವಿಲ್ಲ! ಅದೇ ನಾಟಿಲಸ್ ಎಂಬ ಹೆಸರಿನ ಅಮೆರಿಕದ ನೌಕೆಯೇ 1955ರಲ್ಲಿ ಮೊಟ್ಟಮೊದಲು ಅಣುಶಕ್ತಿಯಿಂದ ಚಲಿಸಿತು. 1958ರಲ್ಲಿ ಉತ್ತರಧ್ರುವದ ಹಿಮದಡಿಯಲ್ಲಿ ಹಾದುಹೋಯಿತು.

ಯಂತ್ರದ ಮಾತಾಯಿತು. ಕಪ್ತಾನನ ಮಾತು ಇದಕ್ಕಿಂತ ಗಹನವಾದುದು. ಸಾಮಾನ್ಯ ರೇಡಿಯೋ ಅಲೆಗಳು ಆಳದ ನೀರಿಗೆ ಇಳಿಯಲಾರವು. ಅತಿದೀರ್ಘವಾದ ಅಲೆಗಳು ಮಾತ್ರ ಸ್ವಲ್ಪ ಕೆಳಕ್ಕೆ ತಲಪುತ್ತವೆ. ಅವುಗಳ ಮೂಲಕ ಬಂದ ಆದೇಶವನ್ನು ಕೇಳಬಹುದಲ್ಲದೆ, ತಿರುಗಿ ಉತ್ತರ ಕೊಟ್ಟರೆ ಇರುವ ಸ್ಥಳವೇ ಬಯಲಾಗುವ ಭಯ. ಅಲ್ಲಿ ಕಣ್ಣಿಗೆ ಕೆಲಸವಿಲ್ಲ, ಕಿವಿಯೇ ಕಣ್ಣು. ದೂರದ ಹಡಗಿನ ಸದ್ದನ್ನು ಉಪಕರಣಗಳಿಂದ ಆಲಿಸಿ, ಅದು ಯಾವುದು, ಎತ್ತ ಸಾಗುತ್ತಿದೆ ಎಂದು ನಿರ್ಧರಿಸತಕ್ಕದ್ದು. ಸಂದೇಹ ಬಂದಾಗ ಮೇಲಧಿಕಾರಿಯನ್ನು ಕೇಳಿ ಬರುತ್ತೇನೆಂಬ ಅವಕಾಶ ಆ ಕಪ್ತಾನನಿಗೆ ಇಲ್ಲ.

1961ರ ಜುಲೈ 4ರಂದು ಸೋವಿಯೆತ್ ದೇಶದ ‘ಕೆ-19’ ಎಂಬ ನೌಕೆಯಲ್ಲಿ ನಡೆದುದನ್ನು ಇಲ್ಲಿ ಹೇಳಬೇಕು. ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಅದರ ರಿಯಾಕ್ಟರನ್ನು ತಂಪುಗೊಳಿಸುವ ನೀರಿನ ವ್ಯವಸ್ಥೆ ಕೆಟ್ಟಿತು, ಶಾಖ ಏರತೊಡಗಿತು, ಬದಲಿ ವ್ಯವಸ್ಥೆ ಇರಲಿಲ್ಲ. ಸಂದೇಶ ಕಳಿಸುವ ಸಾಧನವೂ ಕೈಕೊಟ್ಟಿತ್ತು. ಕಪ್ತಾನ ನಿಕೊಲಾಯ್ ಜತೇಯೆವ್ ಇದ್ದ ಕೊಳವೆಗಳನ್ನೇ ಬೆಸೆದು ಹೊಸ ನೀರುದಾರಿ ಮಾಡಲು ಆಜ್ಞಾಪಿಸಿದನು. ಅದಕ್ಕಾಗಿ ವಿಕಿರಣ ತುಂಬಿದ ಕೋಣೆಯೊಳಕ್ಕೆ ಮನುಷ್ಯರು ಹೋಗಬೇಕಿತ್ತು, ಹೋದರು. ರಿಯಾಕ್ಟರು ತಣಿಯಿತು, ನೌಕೆ ಉಳಿಯಿತು. ಕೆಲಸ ಮಾಡಿದವರಲ್ಲಿ ಎಂಟು ಮಂದಿ ಕೆಲವೇ ವಾರಗಳೊಳಗೆ ತೀರಿಕೊಂಡರು. ದಂಗೆಯಾದೀತೆಂಬ ಶಂಕೆಯಿಂದ ಕಪ್ತಾನನು ನೌಕೆಯ ಸಣ್ಣ ಬಂದೂಕುಗಳನ್ನು, ನಂಬಿಕಸ್ಥರ ಕೈಯಲ್ಲಿ ಕೆಲವನ್ನುಳಿಸಿ, ಕಡಲಿಗೆಸೆಯಿಸಿದ್ದನು. ಬಳಿಕ ದಕ್ಷಿಣಕ್ಕೆ ತಿರುಗಿ, ತಮ್ಮದೇ ದೇಶದ ಡೀಸೆಲ್ ಜಲಾಂತರ್ಗಾಮಿಯ ನೆರವು ಪಡೆದು, ಉಳಿದವರನ್ನು ದಾಟಿಸಿದನು. ಎಂಟು ಮಂದಿಯನ್ನು ಕೋಣೆಯೊಳಗೆ ಕಳಿಸಿದವನನ್ನು ಶೂರನೆನ್ನುವುದೋ ನಿಷ್ಠುರನೆನ್ನುವುದೋ? ನೂರಕ್ಕೂ ಮಿಕ್ಕಿದ ಪ್ರಾಣಗಳು ಅವನ ಒಂದು ಮಾತಿನ ಮೇಲೆ ನಿಂತಿದ್ದವೆಂಬುದನ್ನು ಮರೆತು ಉತ್ತರ ಹೇಳುವಂತಿಲ್ಲ.

ನಮ್ಮ ದೇಶಕ್ಕೆ ಈ ಹೊಣೆ ಬಂದದ್ದು 1988ರಲ್ಲಿ. ಸೋವಿಯೆತ್ ಒಕ್ಕೂಟದಿಂದ ಮೂರು ವರ್ಷಗಳ ಗೇಣಿಗೆ ಪಡೆದ ನೌಕೆಗೆ ‘ಚಕ್ರ’ ಎಂದು ಹೆಸರಾಯಿತು. ಅದರ ಮೊದಲ ಕಪ್ತಾನರು ಆರ್. ಎನ್. ಗಣೇಶ್. ಅವರೂ ಅವರ ಸಂಗಡಿಗರೂ ಆ ದೇಶದಲ್ಲೇ ಶಿಕ್ಷಣ ಪಡೆದರು. ಯಂತ್ರದ ಮೇಲಿನ ಬರಹವೆಲ್ಲ ರಷ್ಯನ್. ಆದ್ದರಿಂದ ನಾವಿಕರಿಗೆ ವಿಜ್ಞಾನದಷ್ಟೇ ಅಗತ್ಯವಾದ ಪಾಠ ಭಾಷೆಯದಾಗಿತ್ತು. ವ್ಯಾಕರಣವನ್ನು ಒಣ ವಿಷಯವೆಂದು ಮೂಗು ಮುರಿಯುವ ನಮ್ಮ ಹುಡುಗರು ಇದನ್ನು ಗಮನಿಸಲಿ. ಫೆಬ್ರವರಿಯಲ್ಲಿ ನೌಕೆಯು ವಿಶಾಖಪಟ್ಟಣಕ್ಕೆ ಬಂದಿತು. 1991ರಲ್ಲಿ ಕರಾರಿನಂತೆ ಮರಳಿತು. ಅನುಭವ ಮಾತ್ರ ಇಲ್ಲಿಯೇ ಉಳಿಯಿತು. ಗಣೇಶ್ ಅವರು ಮುಂದೆ ವೈಸ್ ಅಡ್ಮಿರಲ್ ಆಗಿ, ಸ್ವದೇಶೀ ಅಣುಚಾಲಿತ ನೌಕೆಯ ನಿರ್ಮಾಣ ಯೋಜನೆಯ ಮುಖ್ಯಸ್ಥರೇ ಆದರು.

ಆ ಯೋಜನೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಭಾಭಾ ಅಣುಸಂಶೋಧನ ಕೇಂದ್ರದಲ್ಲಿ ನೌಕಾ ರಿಯಾಕ್ಟರಿನ ಆರಂಭದ ಯತ್ನಗಳು ನಡೆದ ಎಪ್ಪತ್ತರ ದಶಕದಲ್ಲಿ ಅದರ ನಿರ್ದೇಶಕರಾಗಿದ್ದವರು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರು. ಯುರೇನಿಯಮ್ಮನ್ನು ಸಾಂದ್ರಗೊಳಿಸುವ ಕಾರ್ಖಾನೆ ಮೈಸೂರಿನ ಸಮೀಪದ ರತ್ನಹಳ್ಳಿಯಲ್ಲಿದೆ. ಸ್ವದೇಶೀ ನೌಕೆ ‘ಅರಿಹಂತ’ವು 2009ರಲ್ಲಿ ನೀರಿಗಿಳಿದು, 2016ರಲ್ಲಿ ನೌಕಾಪಡೆಯನ್ನು ಸೇರಿತು. ಅರಿ ಎಂದರೆ ಹಗೆ. ಹಗೆಯನ್ನು ಕೊಲ್ಲುವಂಥದು ಎಂದರ್ಥ. ಕಾಮಕ್ರೋಧಾದಿಗಳನ್ನೇ ಹಗೆಯೆಂದು ಬಗೆದು ಗೆದ್ದವನಿಗೆ ಜೈನರು ಕೊಡುವ ಹೆಸರೂ ಇದೇ. 2024ರಲ್ಲಿ ಸೇರಿದ ‘ಅರಿಘಾತ’ದ ಅರ್ಥವೂ ಹೆಚ್ಚು ದೂರದ್ದಲ್ಲ.

ಈ ನೌಕೆಗಳಲ್ಲಿ ಅಣ್ವಸ್ತ್ರ ಹೊತ್ತ ಕ್ಷಿಪಣಿಗಳಿರುತ್ತವೆ. ತಾನಾಗಿ ಮೊದಲು ಅಣ್ವಸ್ತ್ರ ಪ್ರಯೋಗಿಸುವುದಿಲ್ಲವೆಂಬುದು ಭಾರತದ ಘೋಷಿತ ನೀತಿ. ಪ್ರಯೋಗದ ಅನುಮತಿ ಕೊಡುವ ಅಧಿಕಾರ ಪ್ರಧಾನಿಗಳ ಅಧ್ಯಕ್ಷತೆಯ ಮಂಡಲಿಗೆ ಮಾತ್ರ ಇದೆಯೆಂದು 2003ರಲ್ಲಿ ಪ್ರಕಟವಾಯಿತು. ನೌಕೆಯ ದಾರಿ, ಆಳ, ವೇಗ, ಮೌನ, ನೂರು ಜನರ ಉಸಿರು, ಇವೆಲ್ಲವೂ ಕಪ್ತಾನನ ವಶ. ಆ ಒಂದು ಅಸ್ತ್ರ ಮಾತ್ರ ಅವನ ಸ್ವಂತ ನಿರ್ಧಾರಕ್ಕೆ ಒಳಪಟ್ಟುದಲ್ಲ.