ಐದನೇ ನಂಬರಿನ ಖಾರ

ಮೆಣಸಿನಕಾಯಿ ಕೆಂಪಗಿದ್ದ ಮಾತ್ರಕ್ಕೆ ಖಾರ ಇರಬೇಕೆಂದೇನಿಲ್ಲ. ಬ್ಯಾಡಗಿ ಸೀಮೆಯಲ್ಲಿ ಇದನ್ನು ಚಿಕ್ಕ ಮಕ್ಕಳೂ ಹೇಳುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ನಮ್ಮ ಕಾಯಿಯ ಹೆಚ್ಚುಗಾರಿಕೆ ಬಣ್ಣದ್ದು. ಕಣ್ಣೀರು ತರಿಸುವುದು ಗುಂಟೂರಿನ ಕಾಯಿ. ನನ್ನ ಮಗ ಇರುವ ಟೋಕಿಯೊದ ನಿಶಿ-ಕಸಾಯ್‌ನಲ್ಲಿ ಭಾರತದ ಐಟಿ ಕುಟುಂಬಗಳು ಬಹಳ. ಅಲ್ಲಿಗೆ ಹೋದಾಗ ಸೊಸೆ ನೂಡಲ್ಸಿನ ಒಂದು ಕೆಂಪು ಕಪ್ ಮುಂದಿಟ್ಟು, "ಅತ್ತೀ, ಇದು ಭಾಳ ಖಾರ ಐತ್ರಿ, ನೋಡಿ ತಿನ್ರಿ" ಅಂದಳು. "ಬ್ಯಾಡಗಿಯಾಕಿಗೆ ಖಾರದ ಪಾಠ ಹೇಳ್ತೀಯೇನವಾ?" ಅಂದೆ.

ಕಪ್ಪಿನ ಹೆಸರು 'ಮೋಕೊ ತನ್ಮೆನ್ ನಕಮೊತೊ'. ಇದರ ಮೂಲ ಟೋಕಿಯೊದ ಒಂದು ಹೋಟೆಲು. 1968ರಲ್ಲಿ ಶುರುವಾಗಿ ನಡುವೆ ಬಾಗಿಲು ಹಾಕಿದ್ದ ಅದನ್ನು 2000ದಲ್ಲಿ ಮತ್ತೆ ತೆರೆದವರು ಮಕೊತೊ ಶಿರನೆ. ಅವರು ಅಲ್ಲಿಗೆ ಉಣ್ಣಲು ಬರುತ್ತಿದ್ದ ಕಾಯಂ ಗಿರಾಕಿ! ರುಚಿ ಹತ್ತಿದ ಗಿರಾಕಿಯೇ ಮಾಲೀಕನಾದರೆ ಅಡುಗೆ ಕೆಡುವುದಿಲ್ಲ ಎಂದು ನನ್ನ ಅನಿಸಿಕೆ. ಆ ಹೋಟೆಲಿನಲ್ಲಿ ಖಾರಕ್ಕೆ ನಂಬರು ಕೊಡುತ್ತಾರೆ. ಮೋಕೊ ತನ್ಮೆನ್‌ನದು 5, 'ಉತ್ತರ ಧ್ರುವ' ಎಂಬ ತಣ್ಣನೆ ಹೆಸರಿನ ರಾಮೆನ್, ಅಂದರೆ ಸಾರಿನ ನೂಡಲ್ಸಿನದು 9. ಕಪ್ಪಿನೊಳಗಿನದನ್ನು ತಯಾರಿಸುವುದು ನಿಸ್ಸಿನ್ ಕಂಪನಿ, ಮಾರುವುದು ಸೆವೆನ್-ಇಲೆವೆನ್ ಅಂಗಡಿಗಳು.

ಮುಚ್ಚಳದ ಮೇಲೆ ಎಣ್ಣೆಯ ಪುಟ್ಟ ಪೊಟ್ಟಣ ಅಂಟಿಸಿರುತ್ತಾರೆ. ಅದನ್ನು ಕಿತ್ತಿಟ್ಟು, ಮುಚ್ಚಳವನ್ನು ಅರ್ಧ ತೆರೆದು, ಒಳಗಿನ ಗೆರೆಯವರೆಗೆ ಕುದಿಯುವ ನೀರು ಹುಯ್ದು ಐದು ನಿಮಿಷ ಬಿಡಬೇಕು. ಕಿತ್ತ ಪೊಟ್ಟಣವನ್ನು ಅಷ್ಟೂ ಹೊತ್ತು ಮುಚ್ಚಳದ ಮೇಲಿಟ್ಟರೆ ಬೆಚ್ಚಗಾಗುತ್ತದೆ. ಮುಚ್ಚಳ ತೆಗೆದರೆ ಒಣಗಿ ಮುದುಡಿದ್ದ ಎಲೆಕೋಸು, ಗಜ್ಜರಿ, ಕಪ್ಪು ಅಣಬೆ, ತೋಫು ತುಂಡು ಎಲ್ಲವೂ ಅರಳಿರುತ್ತವೆ. ಆಗ ಕೆಂಪೆಣ್ಣೆ ಹಿಂಡಬೇಕು. ಖಾರದ ಸತ್ವ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಅದು ಮೇಲೆ ತೇಲಿ, ಎತ್ತಿದ ಪ್ರತಿ ಎಳೆಗೂ ಹತ್ತಿಕೊಂಡು ಮೊದಲು ತುಟಿಯನ್ನೇ ಮುಟ್ಟುತ್ತದೆ.

ನಾನು ಬೇಕೆಂದೇ ಎಣ್ಣೆ ಹಾಕುವ ಮುಂಚೆ ಒಂದು ಗುಟುಕು ಸಾರು ಕುಡಿದೆ. ಹುದುಗಿಸಿದ ಸೋಯಾದ ಮಿಸೊ, ಬೆಳ್ಳುಳ್ಳಿ, ತರಕಾರಿಯ ಸಿಹಿ. ಹಿಂದೆ ಸಣ್ಣಗೆ ಖಾರ. ಎಣ್ಣೆ ಬಿದ್ದಮೇಲೆ ಮೂಗು ಸೋರಿತು, ನೆತ್ತಿ ಬೆವರಿತು. ಆದರೆ ನಮ್ಮ ಕೆಂಪು ಮೆಣಸಿನಕಾಯಿ ಚಟ್ನಿ ರಂಜಕದ ಹಾಗೆ ನಾಲಿಗೆಗೆ ಹೊಡೆಯುವ ಖಾರವಲ್ಲ ಇದು. ಗಂಟಲಿಗಿಳಿದು ಅಲ್ಲೇ ಕೂತುಬಿಡುತ್ತದೆ. ರಂಜಕವನ್ನು ರೊಟ್ಟಿಯ ಅಂಚಿಗೆ ಮುಟ್ಟಿಸಿ ತಿನ್ನುತ್ತೇವೆ, ಇಲ್ಲಿ ಖಾರವನ್ನೇ ಬೋಗುಣಿಗಟ್ಟಲೆ ಕುಡಿಯಬೇಕು. ಹಾಗೆ ಕುಡಿಯುವಷ್ಟಕ್ಕೇ ಅದನ್ನು ತಂದು ನಿಲ್ಲಿಸಿರುವುದು ಜಾಣತನ. ಉರಿ ಜಾಸ್ತಿಯಾದರೆ ನೀರು ಕುಡಿದು ಉಪಯೋಗವಿಲ್ಲ. ಹಾಲೋ ಮೊಸರೋ ಬೇಕು. ಅವುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಖಾರದ ಸತ್ವವನ್ನು ಹಿಡಿದು ತೊಳೆದೊಯ್ಯುತ್ತದೆ.

ಖಾರಕ್ಕಿಂತ ನನಗೆ ಬೆರಗು ತಂದದ್ದು ಆ ಎಳೆಗಳು. ಇಂಥ ನೂಡಲ್ಸಿನ ಮೂಲಪುರುಷ ನಿಸ್ಸಿನ್ ಕಂಪನಿ ಕಟ್ಟಿದ ಮೊಮೊಫುಕು ಆಂದೊ. ತೈವಾನಿನಲ್ಲಿ 1910ರಲ್ಲಿ ಹುಟ್ಟಿದವರು. ವ್ಯವಹಾರದಲ್ಲಿ ಎಲ್ಲ ಕಳೆದುಕೊಂಡ ಮೇಲೆ, ಒಸಾಕಾದ ಹತ್ತಿರ ಇಕೆದ ಊರಿನ ತಮ್ಮ ಮನೆಯ ಹಿಂದೆ ಶೆಡ್ ಹಾಕಿಕೊಂಡು ಪ್ರಯೋಗಕ್ಕೆ ಕೂತರು. ಹೆಂಡತಿ ತೆಂಪುರಾ, ಅಂದರೆ ನಮ್ಮ ಬಜ್ಜಿಯಂಥದ್ದು, ಕರಿಯುವಾಗ ಹಿಟ್ಟಿನ ನೀರು ಗುಳ್ಳೆಯಾಗಿ ಹೊರಬೀಳುವುದನ್ನು ಕಂಡು ದಾರಿ ಹೊಳೆಯಿತಂತೆ. ಹಬೆಯಲ್ಲಿ ಬೆಂದ ಎಳೆಯನ್ನು ಕಾದ ಎಣ್ಣೆಯಲ್ಲಿ ಕರಿದರೆ ನೀರು ಆವಿಯಾಗಿ ಹೋಗಿ ಎಳೆಯ ತುಂಬ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿಸಿನೀರು ಅದೇ ರಂಧ್ರಗಳಿಂದ ಒಳಗೆ ನುಗ್ಗಿ ಎಳೆ ಮೆತ್ತಗಾಗುತ್ತದೆ. 1958ರ ಆಗಸ್ಟ್ 25ಕ್ಕೆ 'ಚಿಕನ್ ರಾಮೆನ್' ಪೇಟೆಗೆ ಬಂತು. ಬೆಲೆ 35 ಯೆನ್.

ಕಪ್ ಬಂದದ್ದು 1971ರಲ್ಲಿ. ಅಮೆರಿಕಕ್ಕೆ ಹೋದಾಗ ಅಲ್ಲಿನವರು ನೂಡಲ್ಸ್ ಮುರಿದು ಪೇಪರ್ ಲೋಟಕ್ಕೆ ಹಾಕಿ, ಬಿಸಿನೀರು ಹುಯ್ದು, ಫೋರ್ಕಿನಿಂದ ತಿಂದದ್ದನ್ನು ಆಂದೊ ಗಮನಿಸಿದ್ದರು. ಕಪ್ ಬಂದ ಮರುವರ್ಷ ಫೆಬ್ರುವರಿಯಲ್ಲಿ ನಗಾನೊ ಬೆಟ್ಟದ ಒಂದು ವಸತಿಗೃಹದಲ್ಲಿ ಉಗ್ರರು ಒಬ್ಬ ಮಹಿಳೆಯನ್ನು ಒತ್ತೆಯಿಟ್ಟುಕೊಂಡರು. ಹಿಮದ ಚಳಿಗೆ ಬುತ್ತಿ ಗಡ್ಡೆಕಟ್ಟಿ, ಮುತ್ತಿಗೆ ಹಾಕಿದ್ದ ಪೊಲೀಸರು ಕಪ್ ನೂಡಲ್ಸ್ ತಿಂದದ್ದನ್ನು ಟಿ.ವಿ.ಯಲ್ಲಿ ಇಡೀ ಜಪಾನ್ ನೋಡಿತು. ಹೊಸ ಸರಕಿಗೆ ಅದಕ್ಕಿಂತ ದೊಡ್ಡ ಪ್ರಚಾರ ಬೇಕೆ? ಅದೇ ನಿಸ್ಸಿನ್ 1991ರ ಹೊತ್ತಿಗೆ ಟಾಪ್ ರಾಮೆನ್ ಹಿಡಿದು ಭಾರತಕ್ಕೂ ಬಂತು. ಅದರ ಒಂದು ಕಾರ್ಖಾನೆ ನಮ್ಮ ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿದೆ.

ಜಪಾನಿಗೆ ಹೋಗುವವರಿಗೆ ಎರಡು ಮಾತು. ಕಪ್ಪಿನ ಮೇಲೆ ತರಕಾರಿ ಚಿತ್ರ ಕಂಡ ಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ. ಇಂಥ ಸಾರಿನಲ್ಲಿ ಹಂದಿ, ಕೋಳಿ, ಮೀನಿನ ರಸ ಇರುವುದೇ ಹೆಚ್ಚು. ನಮ್ಮ ಮನೆಯಲ್ಲಿ ಮಾಂಸ ನಡೆಯುತ್ತದೆ, ನನಗೆ ತೊಂದರೆಯಾಗಲಿಲ್ಲ. ಉಳಿದವರು ಫೋನಿನ ಕ್ಯಾಮೆರಾದಿಂದ ಲೇಬಲ್ ಅನುವಾದಿಸಿ ಓದಿಕೊಳ್ಳಿ. ಇನ್ನೊಂದು ಉಪ್ಪಿನದು. ಅಲ್ಲಿನ ಕಪ್ಪುಗಳ ಮೇಲೆ ಎಳೆಯಲ್ಲಿ ಎಷ್ಟು ಉಪ್ಪು, ಸಾರಿನಲ್ಲಿ ಎಷ್ಟು ಎಂದು ಬೇರೆಬೇರೆಯಾಗಿ ಬರೆದಿರುತ್ತಾರೆ. ಎರಡೂ ಸೇರಿ ಸುಮಾರು 5 ಗ್ರಾಂ ಆಗುವುದು ಸಾಮಾನ್ಯ; ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳಿರುವ ಮಿತಿಯೂ ಅಷ್ಟೇ. ಬಿ.ಪಿ. ಇದ್ದವರು ಎಳೆ, ತೋಫು ತಿಂದು, ಸಾರನ್ನು ನಾಲ್ಕು ಚಮಚೆಗೆ ನಿಲ್ಲಿಸಿ.