ಯಕ್ಷಗಾನದ ಮುದ್ರಿಕೆ: ಗುಣವೆಷ್ಟು, ದೋಷವೆಷ್ಟು?

ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಕ್ಷಗಾನದ ಪದ ಕಿವಿಗೆ ಬೀಳದ ಮನೆಯನ್ನು ಹುಡುಕುವುದು ಕಷ್ಟ. ಮೇಳಗಳು ತಿರುಗಾಟಕ್ಕೆ ಹೊರಡುವುದು ನವೆಂಬರಿನ ಸುಮಾರಿಗೆ. ಮಳೆ ಹಿಡಿಯುವ ಮುನ್ನ ಗೆಜ್ಜೆ ಬಿಚ್ಚುತ್ತವೆ. ಆಮೇಲಿನ ಮಳೆಗಾಲವೆಲ್ಲ ಮುದ್ರಿಕೆಗಳದೇ ಕಾಲ. ಹಿಂದೆ ಕ್ಯಾಸೆಟ್ಟು, ಅನಂತರ ಸಿ.ಡಿ., ಈಗ ಕಿಸೆಯೊಳಗಿನ ಮೊಬೈಲು. ಸಾಧನ ಬದಲಾಯಿತಾದರೂ ನಾವು ಕೊಡುವ ತೀರ್ಪು ಬದಲಾಗಲಿಲ್ಲ. 'ಲಾಯ್ಕ್ ಇತ್ತ್' ಅಥವಾ 'ಲಾಯ್ಕ್ ಇಲ್ಲೆ'. ಯಾವುದು ಲಾಯಕ್ಕು, ಯಾವುದು ಅಲ್ಲ ಎಂದು ಬಿಡಿಸಿ ಕೇಳಿದರೆ ಮಾತು ತಡವರಿಸುತ್ತದೆ.

ಇದು ಬರಿಯ ಹೊತ್ತು ಕಳೆಯುವ ಚರ್ಚೆಯಲ್ಲ. ನಮ್ಮ ಓಣಿಯ ಒಬ್ಬ ಮಾಣಿ ಹಳೆಯ ಕ್ಯಾಸೆಟ್ಟೊಂದನ್ನು ಗುರುವಾಗಿ ಇಟ್ಟುಕೊಂಡು ಒಂದು ವರ್ಷ ಪದ ಅಭ್ಯಾಸ ಮಾಡಿದ. ಹತ್ತನೆಯ ತಿಂಗಳಿಗೆ ಗಂಟಲು ಒಡೆದು, ಮಾತಾಡುವುದೂ ಕಷ್ಟವಾಯಿತು. ಪದ ಕಲಿಸುವ ಹಿರಿಯರೊಬ್ಬರು ಬಂದು ಕೇಳಿದರು. ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು ತಾಳೆ ನೋಡಿದರು. ಮನೆಯ ಟೇಪುಯಂತ್ರ ಸವೆದು ವೇಗವಾಗಿ ಓಡುತ್ತಿತ್ತು! ಟೇಪಿನ ವೇಗ ನೂರಕ್ಕೆ 6ರಷ್ಟು ಏರಿದರೆ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರುತ್ತದೆ. ಮೊದಲೇ ಏರು ಶ್ರುತಿಯಲ್ಲಿ ಹಾಡಿದ್ದ ಭಾಗವತರನ್ನು ಯಂತ್ರ ಇನ್ನಷ್ಟು ಮೇಲಕ್ಕೆ ಎಳೆದಿತ್ತು; ಆ ಎತ್ತರವನ್ನು ಹುಡುಗ ತನ್ನ ಎಳೆಯ ಗಂಟಲಿನಿಂದ ಮುಟ್ಟಲು ಹೆಣಗಿದ್ದ. ಈಗಿನ ಸಾಧನಗಳಿಗೆ ಈ ರೋಗವಿಲ್ಲ ನಿಜ. ಆದರೆ ಹಳೆಯ ಟೇಪಿನಿಂದ ಇಳಿಸಿದ ಪದಗಳು ಇಳಿಸಿದ ಯಂತ್ರದ ವೇಗವನ್ನೂ ಜೊತೆಗೇ ಹೊತ್ತು ತಂದಿರುತ್ತವೆ. ಮುದ್ರಿಕೆಯ ಶ್ರುತಿ ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ಎಲ್ಲಿಯೋ ಸಿಕ್ಕಿಕೊಂಡಿದ್ದರೆ ಅನುಮಾನ ಪಡುವುದು ಒಳ್ಳೆಯದು.

ಹುಡುಗನಿಗೆ ಬೇರೊಂದು ಮುದ್ರಿಕೆ ಆರಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಕೈಗೆ ಸಿಕ್ಕಿದ್ದು ಅಭಿಮನ್ಯು ಕಾಳಗದ ಎಂಟು ಪದಗಳ ಒಂದು ಸಂಕಲನ. ಹಾಡಿದವರ ಹೆಸರು ಇಲ್ಲಿ ಬೇಡ. ದೋಷಗಳಲ್ಲಿ ಮುಕ್ಕಾಲು ಪಾಲು ಅವರದಲ್ಲ.

ಮೊದಲು ನೋಡಬೇಕಾದದ್ದು ಸಾಹಿತ್ಯ ಕೇಳುತ್ತದೆಯೇ ಎಂಬುದು. ನಾನು ಒಂದು ಸುಲಭದ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಪದ ಗೊತ್ತಿಲ್ಲದವರೊಬ್ಬರ ಕೈಗೆ ಪೆನ್ಸಿಲ್ ಕೊಟ್ಟು, ಒಂದೇ ಸಲ ಕೇಳಿಸಿ, ಎಷ್ಟು ಸಾಲು ಬರೆಯಬಲ್ಲರೆಂದು ನೋಡುವುದು. ಈ ಸಂಕಲನದ ಮೊದಲ ಮೂರು ಪದಗಳನ್ನು, ತಾಯಿ ಮಗನ ಮಾತಿನ ಭಾಗವನ್ನು, ನನ್ನ ಸೊಸೆ ಹೆಚ್ಚು ಕಡಮೆ ಪೂರ್ತಿ ಬರೆದಳು. ಯುದ್ಧದ ಪದಗಳಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, "ಚಂಡೆ ಕೇಣತ್ತ್ ಮಾವಯ್ಯ, ಪದ ಕೇಣುದಿಲ್ಲೆ" ಎಂದಳು.

ಚಂಡೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಚಂಡೆಯಿಲ್ಲದ ಕಾಳಗ ಉಪ್ಪಿಲ್ಲದ ಗಂಜಿ. ಆದರೆ ನಮ್ಮ ಬಡಗಿನ ಚಂಡೆಯ ನಾದ ಮೊನಚು. ಮಾತಿನ ವ್ಯಂಜನಗಳು, ಅಂದರೆ ಕ, ಚ, ತ, ಸ ಮುಂತಾದವು, ಯಾವ ಮೇಲಿನ ಕಂಪನಗಳಲ್ಲಿ ಗುರುತಾಗುತ್ತವೆಯೋ ಅಲ್ಲಿಗೇ ಅದರ ಪೆಟ್ಟೂ ಬೀಳುತ್ತದೆ. ಕಿವಿಯೂ ಸೆಕೆಂಡಿಗೆ ಎರಡರಿಂದ ಐದು ಸಾವಿರ ಕಂಪನಗಳ ನಾದಕ್ಕೇ ಅತಿ ಸೂಕ್ಷ್ಮ. ಬಯಲಿನಲ್ಲಿ ಕುಳಿತವನಿಗೆ ವೇಷ ಕಾಣುತ್ತದೆ, ಭಾಗವತರ ಬಾಯಿ ಕಾಣುತ್ತದೆ, ಮನಸ್ಸು ಬಿಟ್ಟುಹೋದ ಅಕ್ಷರವನ್ನು ತುಂಬಿಕೊಳ್ಳುತ್ತದೆ. ಮುದ್ರಣದ ಕೋಣೆಯಲ್ಲಿ ಮಾತ್ರ ಚಂಡೆಯ ಮುಂದೆಯೇ ಒಂದು ಮೈಕು. ಅಲ್ಲಿ ಕುಳಿತ ತಂತ್ರಜ್ಞ ಅದನ್ನು ಎಷ್ಟು ಬೇಕಾದರೂ ಏರಿಸಬಲ್ಲ. ಶಬ್ದ 10 ಡೆಸಿಬೆಲ್ ಏರಿದರೆ ಕಿವಿಗೆ ಸುಮಾರು ಇಮ್ಮಡಿಯಾದಂತೆ ತೋರುತ್ತದೆ. ಒಂದೇ ಮೈಕು ಇದ್ದ ಕಾಲದಲ್ಲಿ ಭಾಗವತರನ್ನು ಹತ್ತಿರಕ್ಕೂ ಚಂಡೆಯವರನ್ನು ದೂರಕ್ಕೂ ಕೂರಿಸಿ ಸಮತೂಕ ಸಾಧಿಸಬೇಕಾಗುತ್ತಿತ್ತು. ಆ ಬಡತನದಿಂದ ಪದಕ್ಕೆ ಲಾಭವೇ ಆಗಿತ್ತೆಂದು ನನಗನ್ನಿಸುತ್ತದೆ.

ಇನ್ನೊಂದು ದೋಷ ಇದರ ಸೋದರ. ಮೆಲ್ಲಗಿರುವ ಭಾಗವನ್ನು ಎತ್ತಿ, ಜೋರಾದ ಭಾಗವನ್ನು ಒತ್ತಿ, ಎಲ್ಲವನ್ನೂ ಒಂದೇ ಎತ್ತರಕ್ಕೆ ಸಮ ಮಾಡುವ ಅಭ್ಯಾಸ ಈಚಿನ ಮುದ್ರಣದಲ್ಲಿ ಹೆಚ್ಚಾಗಿದೆ. ಬಸ್ಸಿನಲ್ಲಿ ಕೇಳುವವನಿಗೆ ಅನುಕೂಲವಿರಬಹುದು. ಆದರೆ ಸುಭದ್ರೆಯ ಅಳಲೂ ಅಭಿಮನ್ಯುವಿನ ಪೌರುಷವೂ ಒಂದೇ ಎತ್ತರದಲ್ಲಿ ಕೇಳಿದರೆ, ಬಿಡ್ತಿಗೆ ಮುಕ್ತಾಯಗಳು ಬಂದಾಗ ಮೈ ನವಿರೇಳುವುದು ಎಲ್ಲಿಂದ?

ಈ ಮಾತಿಗೆ ಮನೆಯಲ್ಲೇ ಒಂದು ಎದುರುವಾದ ಬಂತು. ಮಣಿಪಾಲದಲ್ಲಿ ಓದುವ ತಮ್ಮನ ಮಗಳು 'ಮೆಟಲ್‌ಕೋರ್' ಎಂಬ ಪಾಶ್ಚಾತ್ಯ ಸಂಗೀತದ ಅಭಿಮಾನಿ. "ದೊಡ್ಡಪ್ಪಯ್ಯ, ಗದ್ದಲವೇ ದೋಷವಾದರೆ ಇದನ್ನು ಏನೆಂದು ತೂಗುವಿರಿ?" ಎಂದು ಎರಡು ಸಂಕಲನ ಕೇಳಿಸಿದಳು. ಹಾರ್ಡ್‌ಕೋರ್ ಪಂಕ್ ಮತ್ತು ಹೆವಿ ಮೆಟಲ್ ಎಂಬ ಎರಡು ಬಗೆಗಳು ಕೂಡಿ ಹುಟ್ಟಿದ ಈ ಸಂಗೀತ 1990ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆಯಿತು. ಕನ್ವರ್ಜ್ ತಂಡದ 'ಜೇನ್ ಡೋ' (2001) ಎಂಬುದರಲ್ಲಿ ಗಾಯಕನ ಕಿರುಚು ಗಿಟಾರುಗಳ ನಡುವೆ ಮುಳುಗೇಳುತ್ತದೆ. ಮಾತು ಒಂದೂ ತಿಳಿಯಲಿಲ್ಲ. ಕಿಲ್‌ಸ್ವಿಚ್ ಎಂಗೇಜ್ ತಂಡದ 'ಅಲೈವ್ ಆರ್ ಜಸ್ಟ್ ಬ್ರೀದಿಂಗ್' (2002) ಎಂಬುದರಲ್ಲಿ ಕಿರುಚಿನ ನಡುವೆ ಇಂಪಾದ ಪಲ್ಲವಿ ಬರುತ್ತದೆ. ಓಡುತ್ತಿದ್ದ ಲಯ ಥಟ್ಟನೆ ಭಾರವಾಗಿ ಇಳಿದು, ವಾದ್ಯಗಳೆಲ್ಲ ಒಂದೇ ಪೆಟ್ಟು ಹೊಡೆಯುವ ಸಂದರ್ಭಕ್ಕೆ ಅವರು 'ಬ್ರೇಕ್‌ಡೌನ್' ಎನ್ನುತ್ತಾರಂತೆ. ಅದು ಬರುವ ಮುನ್ನ ಕಾಯಿಸಿ ಬಂದರೆ ಗುಣ, ಪ್ರತಿ ಹಾಡಿನಲ್ಲೂ ಅಳತೆಗೆ ತಕ್ಕಂತೆ ಬಂದರೆ ದೋಷ. ಇಂಪಾದ ಪಲ್ಲವಿ ಒಳಗಿನಿಂದ ಬೆಳೆದು ಬಂದರೆ ಗುಣ, ಹೊರಗಿನಿಂದ ಅಂಟಿಸಿದಂತಿದ್ದರೆ ದೋಷ. ಇಷ್ಟನ್ನು ಅವಳೇ ಹೇಳಿದಳು; ಒಪ್ಪಿದೆ. 'ಜೇನ್ ಡೋ'ವಿನ ಕೊನೆಯ ಹಾಡು ಹನ್ನೊಂದು ನಿಮಿಷಕ್ಕೂ ಮಿಕ್ಕಿದ್ದು. ನನಗೆ ಹಿಡಿಸಿತೆನ್ನಲಾರೆ; ಆದರೂ ಅದು ಹಿಂದಿನ ಗದ್ದಲವನ್ನೆಲ್ಲ ನಿಧಾನವಾಗಿ ಒಂದು ಕಡೆಗೆ ಒಯ್ದು ನಿಲ್ಲಿಸುವ ಬಗೆಯನ್ನು ಮೆಚ್ಚದಿರಲಾಗಲಿಲ್ಲ.

ಹಾಗಾದರೆ ಮಾತು ಮುಳುಗುವುದು ಅಲ್ಲಿ ಸರಿ, ಇಲ್ಲಿ ತಪ್ಪು ಏಕೆ? ಅಲ್ಲಿ ಕಂಠವೂ ಒಂದು ವಾದ್ಯ. ಮಾತು ಬೇಕಾದವರು ಹೊದಿಕೆಯಲ್ಲಿ ಅಚ್ಚಾದುದನ್ನು ಓದಿಕೊಳ್ಳುತ್ತಾರೆ. ನಮ್ಮಲ್ಲಿ ಕಥೆ ನಡೆಯುವುದೇ ಪದದ ಮೇಲೆ. ಆ ಪದಕ್ಕೆ ಕುಣಿತ, ಆ ಪದಕ್ಕೆ ಅರ್ಥ. ಪದವೇ ಕೇಳದಿದ್ದರೆ ವೇಷಧಾರಿ ಯಾವುದಕ್ಕೆ ಅರ್ಥ ಹೇಳಬೇಕು?

ಕುಣಿತದ ಮಾತು ಬಂದುದರಿಂದ ಇನ್ನೊಂದು ಸಂಗತಿ. ರಂಗದಲ್ಲಿ ಭಾಗವತರು ಒಂದೇ ಸಾಲನ್ನು ನಾಲ್ಕಾರು ಸಲ ಎತ್ತುವುದು ವೇಷದ ಹೆಜ್ಜೆಗಾಗಿ. ಮುದ್ರಿಕೆಯಲ್ಲಿ ವೇಷ ಎಲ್ಲಿದೆ? ಅಲ್ಲಿ ಆ ಪುನರಾವೃತ್ತಿ ಬೇಸರ ತರುತ್ತದೆ. ಹಾಗೆಂದು ಎಲ್ಲವನ್ನೂ ಕತ್ತರಿಸಿದರೆ ಪದ ಸಿನಿಮಾ ಹಾಡಾಗುತ್ತದೆ. ನಮ್ಮ ಸಂಕಲನ ಈ ಹದವನ್ನು ಚೆನ್ನಾಗಿಯೇ ಕಾದಿದೆ. ಅಷ್ಟತಾಳದ ಪದವೊಂದರಲ್ಲಿ ಎರಡನೆಯ ಸಲದ ಎತ್ತುಗಡೆಯಲ್ಲಿ ಮದ್ದಳೆ ಮಾತ್ರ ಉಳಿದು ಚಂಡೆ ಸುಮ್ಮನಾಗುತ್ತದೆ. ಇಡೀ ಮುದ್ರಿಕೆಯಲ್ಲಿ ಅದೇ ಅತ್ಯುತ್ತಮ ಕ್ಷಣ. ಹಿನ್ನೆಲೆಗೆ ಸೇರಿಸಿದ ಕೀಬೋರ್ಡಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಕೋಟದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದಾಗಲೂ ವಾದವಾಯಿತು. ಹೊರಗಿನ ವಾದ್ಯವೆಂಬುದೇ ತಪ್ಪಲ್ಲ. ಅದು ಕಂಠದ ಹಿಂದೆ ನಡೆಯುತ್ತದೆಯೋ ಮುಂದೆ ಓಡುತ್ತದೆಯೋ ಎಂದು ಕೇಳಿದರೆ ಸಾಕು.

ಕಡೆಯದಾಗಿ ಅನುಕರಣೆಯ ಪ್ರಶ್ನೆ. ಗುಂಡ್ಮಿಯ ಕಾಳಿಂಗ ನಾವಡರು (1958–1990) ಮೂವತ್ತೆರಡನೆಯ ವಯಸ್ಸಿಗೇ ಅಪಘಾತದಲ್ಲಿ ತೀರಿಕೊಂಡರು. ಅವರ ಕಂಠ ಕ್ಯಾಸೆಟ್ಟುಗಳಲ್ಲಿ ಉಳಿದು, ಒಂದು ತಲೆಮಾರಿಗೇ ಪಾಠವಾಯಿತು. ಆದರೆ ಅವರು ನಾರ್ಣಪ್ಪ ಉಪ್ಪೂರರಂಥ ಗುರುವಿನ ಕೈಕೆಳಗೆ ತಾಳ, ಮಟ್ಟು, ಸಾಹಿತ್ಯಗಳನ್ನು ಕಲಿತು ಆಮೇಲೆ ಏರಿದವರು. ಕ್ಯಾಸೆಟ್ಟಿನಲ್ಲಿ ಏರು ಕೇಳುತ್ತದೆ, ಕಲಿತ ವರ್ಷಗಳು ಕೇಳುವುದಿಲ್ಲ. ನಮ್ಮ ಸಂಕಲನದ ಏಳನೆಯ ಪದದಲ್ಲಿ ಗಾಯಕರು ತಮ್ಮ ಸ್ವಂತ ಕಂಠ ಬಿಟ್ಟು ಆ ಏರನ್ನು ಹಿಡಿಯಹೋಗಿ ಸಾಲಿನ ಕೊನೆಯ ಅಕ್ಷರವನ್ನೇ ನುಂಗಿದ್ದಾರೆ. ಇದೊಂದು ದೋಷ ಮಾತ್ರ ಪೂರ್ತಿ ಅವರದೇ.

ಎಂಟರಲ್ಲಿ ನಾಲ್ಕು ಪದಗಳನ್ನು ಮಾತ್ರ ಹುಡುಗನಿಗೆ ಗುರುತು ಹಾಕಿ ಕೊಟ್ಟೆ. ಹಿರಿಯರು ಅವನ ಶ್ರುತಿಯನ್ನು ಒಂದೂವರೆ ಮನೆ ಕೆಳಗಿಳಿಸಿ, ಮೂರು ತಿಂಗಳು ಬರಿಯ ತಾಳ ಹಾಕಿಸಿದರು. ಕಳೆದ ಆಟಿಯಲ್ಲಿ ಅವನು ನಮ್ಮ ಚಾವಡಿಯಲ್ಲಿ ಕುಳಿತು ಮೊದಲ ಪದ ಹಾಡಿದ. ಗಂಟಲು ಒಡೆಯಲಿಲ್ಲ. ಹಾಡು ಮುಗಿಯುತ್ತಲೇ ಅವನ ಅಜ್ಜಿ ಒಲೆಯ ಬುಡದಿಂದಲೇ, ಮೂರನೆಯ ಸಾಲಿನಲ್ಲಿ ಒಂದು ಅಕ್ಷರ ತಪ್ಪಿತೆಂದು ಕೂಗಿ ಹೇಳಿದರು.