ಮುಟ್ಟಿನ ನೋವಿಗೆ ವಿದ್ಯುತ್ ಸ್ಪಂದನದ ಉಪಶಮನ

ಮುಟ್ಟಿನ ಮೊದಲ ದಿನಗಳಲ್ಲಿ ಕಿಬ್ಬೊಟ್ಟೆಯಲ್ಲಿ ಹುಟ್ಟಿ ಸೊಂಟ, ತೊಡೆಗಳಿಗೆ ಹರಡುವ ನೋವಿಗೆ ಸ್ಪಷ್ಟವಾದ ದೈಹಿಕ ಕಾರಣವಿದೆ. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗಿ, ಅವುಗಳ ಪ್ರಮಾಣ ಹೆಚ್ಚಿದಾಗ ಗರ್ಭಕೋಶದ ಸ್ನಾಯುಗಳು ಬಲವಾಗಿ ಹಿಂಡಿಕೊಳ್ಳುತ್ತವೆ. ಅಲ್ಲಿನ ರಕ್ತಸಂಚಾರ ತಗ್ಗಿ ನೋವು ತೀವ್ರವಾಗುತ್ತದೆ.

ಈ ನೋವಿನಲ್ಲೂ ಕೆಲಸಕ್ಕೆ ಹೋಗಲೇಬೇಕಾದವರಿದ್ದಾರೆ. 2001ರಲ್ಲಿ ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಅಲ್ಲಿನ ರಾಬರ್ಟ್‌ಸನ್‌ಪೇಟೆ ಮತ್ತು ಸುತ್ತಲಿನ ಅನೇಕ ಕುಟುಂಬಗಳು ಬೆಂಗಳೂರಿನ ದುಡಿಮೆಯನ್ನು ನೆಚ್ಚಿಕೊಂಡಿವೆ. ಮಾರಿಕುಪ್ಪಂ ಕಡೆಯಿಂದ ಬಂಗಾರಪೇಟೆ ಮಾರ್ಗವಾಗಿ ನಿತ್ಯ ರೈಲಿನಲ್ಲಿ ಹೋಗಿಬರುವ ಹೆಣ್ಣುಮಕ್ಕಳಿಗೆ ನೋವಿನ ದಿನ ಮಲಗಿ ವಿಶ್ರಮಿಸುವ ಅನುಕೂಲ ಸುಲಭವಾಗಿ ಸಿಗುವಂಥದ್ದಲ್ಲ. ಇಂಥವರಿಗೆ ಒದಗಬಲ್ಲ ಸಾಧನಗಳಲ್ಲಿ ಒಂದು, ಚರ್ಮದ ಮೂಲಕ ನರಗಳನ್ನು ಮೃದುವಾಗಿ ಉದ್ದೀಪಿಸುವ 'ಟೆನ್ಸ್' ಯಂತ್ರ.

ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ಅದರ ತಂತಿಗಳ ತುದಿಯ ಅಂಟುಪಟ್ಟಿಗಳನ್ನು ಕಿಬ್ಬೊಟ್ಟೆಯ ಅಥವಾ ಸೊಂಟದ ಮೇಲೆ ಅಂಟಿಸಿ, ಜುಮ್ಮೆನ್ನುವಷ್ಟು ಆದರೆ ನೋಯದಷ್ಟು ವಿದ್ಯುತ್ತನ್ನು ಸುಮಾರು ಅರ್ಧ ಗಂಟೆ ಹರಿಸಲಾಗುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತದ ಪ್ರಕಾರ, ಸ್ಪರ್ಶವನ್ನು ಒಯ್ಯುವ ದಪ್ಪ ನರತಂತುಗಳು ಚುರುಕಾದಾಗ ನೋವಿನ ಸಂದೇಶ ಬೆನ್ನುಹುರಿಯಲ್ಲೇ ತಡೆಯಲ್ಪಟ್ಟು ಮಿದುಳನ್ನು ಮುಟ್ಟುವುದು ಕಡಿಮೆಯಾಗುತ್ತದೆ. ಪೆಟ್ಟು ಬಿದ್ದ ಮೊಣಕಾಲನ್ನು ಉಜ್ಜಿದರೆ ಹಾಯೆನಿಸುವುದೂ ಇದರಿಂದಲೇ. ಸೆಕೆಂಡಿಗೆ ಸುಮಾರು 50ರಿಂದ 120 ಸ್ಪಂದನಗಳ ಅಧಿಕ ಆವರ್ತನ ಮುಖ್ಯವಾಗಿ ಈ ಬಗೆಯಲ್ಲಿ ಕೆಲಸ ಮಾಡಿದರೆ, ಕಡಿಮೆ ಆವರ್ತನವು ದೇಹದ ಸ್ವಂತ ನೋವುನಿವಾರಕಗಳಾದ ಎಂಡಾರ್ಫಿನ್‌ಗಳನ್ನು ಹೊರಡಿಸುತ್ತದೆ ಎಂದು ಭಾವಿಸಲಾಗಿದೆ. ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ವಿಮರ್ಶೆಗಳು ಟೆನ್ಸ್‌ನಿಂದ ಮುಟ್ಟಿನ ನೋವು ತಗ್ಗಬಹುದೆಂದು ಹೇಳಿದರೂ, ಆಧಾರಗಳು ಇನ್ನೂ ಗಟ್ಟಿಯಾಗಬೇಕಿದೆ.

ಗರ್ಭಿಣಿಯರು, ಪೇಸ್‌ಮೇಕರ್ ಅಳವಡಿಸಿಕೊಂಡವರು ಮತ್ತು ಮೂರ್ಛೆರೋಗವಿರುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ಬಳಸಬಾರದು. ಗಾಯವಿರುವ ಚರ್ಮ, ಎದೆ ಮತ್ತು ಕತ್ತಿನ ಮುಂಭಾಗಕ್ಕೆ ಪಟ್ಟಿ ಅಂಟಿಸಬಾರದು. ನೋವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ರಕ್ತಸ್ರಾವ ಅತಿಯಾಗಿದ್ದರೆ ಎಂಡೊಮೆಟ್ರಿಯೋಸಿಸ್ ಅಥವಾ ಗರ್ಭಕೋಶದ ಗಡ್ಡೆ ಇರಬಹುದಾದ್ದರಿಂದ, ಯಂತ್ರವನ್ನು ನಂಬಿ ತಪಾಸಣೆಯನ್ನು ಮುಂದೂಡುವುದು ಅಪಾಯಕರ.

2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ತಿಂಗಳಿಗೊಂದು ದಿನದ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿದ್ದು ಈ ನೋವಿಗೆ ಸಂದ ದೊಡ್ಡ ಮನ್ನಣೆ. ಆದರೆ ರಜೆ ವಿಶ್ರಾಂತಿಯನ್ನು ಕೊಡಬಲ್ಲದೇ ಹೊರತು ಚಿಕಿತ್ಸೆಯನ್ನಲ್ಲ; ಆದ್ದರಿಂದ ಶಾಲೆ, ಕಾರ್ಖಾನೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಣ್ಣುಮಕ್ಕಳಿಗೆ ಮಾತ್ರೆ, ಬಿಸಿನೀರಿನ ಶಾಖ, ವ್ಯಾಯಾಮಗಳ ಜೊತೆಗೆ ಟೆನ್ಸ್‌ನ ತಿಳಿವಳಿಕೆಯೂ ದೊರೆಯುವಂತಾಗಬೇಕು.